ಹೊಳೆಯನ್ನು ಕೇಳಿ ತಂದ ಮೀನು

ಆಲೂರು ಸೀಮೆಯ ಸ್ನೇಹಿತರೊಬ್ಬರ ಮನೆಯ ಜಗಲಿಯಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಕಾಫಿ ಕುಡಿಯಲು ಬಂದವರು ಅದರ ಮುಂದೆ ಬಗ್ಗಿ ನೋಡಿ, "ಮೀನೆಲ್ಲಿ?" ಎಂದು ಕೇಳುತ್ತಾರೆ. ಅದರಲ್ಲಿ ಬಣ್ಣದ ಜಲ್ಲಿಯಿಲ್ಲ, ಗುಳ್ಳೆ ಬಿಡುವ ಪ್ಲಾಸ್ಟಿಕ್ ಗೊಂಬೆಯಿಲ್ಲ, ಗೋಲ್ಡ್‌ಫಿಶ್ ಇಲ್ಲ. ನಾಲ್ಕಾರು ಹೊಳೆಗುಂಡು, ಒಂದು ಹಳೆಯ ಬೇರು, ಅಡಿಯಲ್ಲಿ ಕಂದಿದ ಹೊಂಗೆ ಎಲೆ ಇವಿಷ್ಟೆ. ನೀರು ಮಾತ್ರ ಎಡದಿಂದ ಬಲಕ್ಕೆ ಓಡುತ್ತಲೇ ಇರುತ್ತದೆ. ಎರಡು ನಿಮಿಷ ಸುಮ್ಮನೆ ಕೂತರೆ ಕಲ್ಲಿನ ನೆರಳೊಂದು ಕಲ್ಲನ್ನು ಬಿಟ್ಟು ಹೊರಟು ಮೀನಾಗುತ್ತದೆ. ಹೊನ್ನಿನ ಮೈ, ಅದರ ಮೇಲೆ ಮಸಿಯಲ್ಲಿ ಎಳೆದಂಥ ಪಟ್ಟೆ. ಅದರ ಹಿಂದೆ ಇನ್ನೊಂದು, ಆಮೇಲೆ ಇನ್ನೈದು. ಮೇಲುಗಡೆ ಹರಿವಿಗೆ ಮುಖ ಕೊಟ್ಟ ನೀಲಿ ಗೆರೆಯ ಸಣ್ಣ ಮೀನುಗಳ ಸಾಲೊಂದು ನಿಂತಲ್ಲೇ ಈಜುತ್ತಿತ್ತೆಂಬುದು ಕೊನೆಗೆ ಕಾಣುತ್ತದೆ.

ಎರಡನೆಯ ಪ್ರಶ್ನೆ, "ಯಾವ ಅಂಗಡೀದು?" ಅಂಗಡಿಯದಲ್ಲ. ತೋಟದ ಕೆಳಗೆ ಹಾಯುವ ಹಳ್ಳದ್ದು. ಹನ್ನೆರಡು ವರ್ಷದಲ್ಲಿ ಅವರು ಆ ಹಳ್ಳದಿಂದ ತಂದ ಮೀನು ಒಟ್ಟು ಮೂವತ್ತೊಂದು. ಲೆಕ್ಕ ಪುಸ್ತಕದಲ್ಲಿದೆ. ಮೀನು ಹಿಡಿಯುವುದೇನು ಮಹಾ, ನಮ್ಮ ಕಡೆ ಹತ್ತು ವರ್ಷದ ಹುಡುಗನಿಗೂ ಬರುತ್ತದೆ. ಹಿಡಿದ ಮೀನು ಬದುಕಬೇಕು, ಬಿಟ್ಟುಬಂದ ಹಳ್ಳಕ್ಕೆ ಹಿಡಿದದ್ದು ಗೊತ್ತೇ ಆಗಬಾರದು. ಕಷ್ಟವಿರುವುದು ಅಲ್ಲಿ. ಈ ಬರಹ ಆ ಕಷ್ಟದ ಕುಶಲತೆಯ ಪರಿಚಯ.

ಒಂದು ಮಳೆ, ಎರಡು ಕಡಲು

ಸಕಲೇಶಪುರದ ಗುಡ್ಡಗಳಲ್ಲಿ ಮೀನು ಸಾಕುವವನು ಮೊದಲು ಕಲಿಯಬೇಕಾದ್ದು ಭೂಗೋಳ. ದಿಬ್ಬದ ಮೂಡಲಿಗೆ ಬಿದ್ದ ಮಳೆ ಹೇಮಾವತಿಯಾಗಿ ಗೊರೂರಿನ ಅಣೆಕಟ್ಟೆ ದಾಟಿ, ಕನ್ನಂಬಾಡಿಯಲ್ಲಿ ಕಾವೇರಿಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಲಿಗೆ ಬಿದ್ದದ್ದು ಕೆಂಪುಹೊಳೆ, ಎತ್ತಿನಹೊಳೆಗಳಾಗಿ ಗುಂಡ್ಯಕ್ಕಿಳಿದು, ಕುಮಾರಧಾರೆಯೊಡನೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಮಂಗಳೂರಿನಲ್ಲಿ ಅರಬ್ಬೀ ಕಡಲಾಗುತ್ತದೆ. ಒಂದೇ ತಾಲ್ಲೂಕಿನಲ್ಲಿ, ಕೆಲವೆಡೆ ಒಂದೇ ತೋಟದ ಎರಡು ಮಗ್ಗುಲಲ್ಲಿ, ನೀರು ಹೀಗೆ ಅಗಲುತ್ತದೆ. ಮನುಷ್ಯನಿಗೆ ಆ ದಿಬ್ಬ ಹತ್ತು ನಿಮಿಷದ ನಡಿಗೆ. ಮೀನಿಗೆ ಅದು ದಾಟಲಾರದ ಗೋಡೆ.

ಆದ್ದರಿಂದ ಎರಡು ಮಗ್ಗುಲ ಮೀನು ಒಂದೇ ಥರ ಕಂಡರೂ ಒಂದೇ ಎಂದುಕೊಳ್ಳುವಂತಿಲ್ಲ. ಎರಡೂ ಕಡೆ ಸಿಗುವ ಜಾತಿಗಳಿವೆ. ಒಂದೇ ಕಡೆ ಸಿಗುವವೂ ಇವೆ. 1849ರಲ್ಲಿ ಟಿ. ಸಿ. ಜೆರ್ಡಾನ್ ಎಂಬ ಮದ್ರಾಸು ಸೇನೆಯ ವೈದ್ಯ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳ ಬಗ್ಗೆ ಬರೆದಾಗ, ಬೆಳ್ಳಿಮೈಯ ಮೇಲೆ ನೀಲಿ ಚುಕ್ಕೆಗಳಿರುವ ಚುರುಕು ಮೀನೊಂದಕ್ಕೆ 'ಕೆನರೆನ್ಸಿಸ್' ಎಂದು ನಮ್ಮ ಕೆನರಾ ಜಿಲ್ಲೆಯ ಹೆಸರನ್ನೇ ಇಟ್ಟ. ಅದು ಪಡುವಣ ಹೊಳೆಗಳದ್ದು. ನನ್ನ ಸ್ನೇಹಿತರ ತೊಟ್ಟಿಯಲ್ಲಿರುವ ಪಟ್ಟೆಯ ಗೆಂಡೆಮರಿಯನ್ನು ಮೊದಲು ವರ್ಣಿಸಿದವನೂ ಜೆರ್ಡಾನನೇ. ಅದರ ಈಗಿನ ಕುಲನಾಮ 'ಹಾಲುದಾರಿಯ'. ಟಿಪ್ಪುವಿನ ಪತನದ ಬೆನ್ನಿಗೆ, 1800-01ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ನಮಗೆ ಗೊತ್ತು. ಮುಂದೆ ಅವನೇ ಗಂಗೆಯ ಮೀನುಗಳ ಮೇಲೆ ದೊಡ್ಡ ಗ್ರಂಥ ತಂದ. ಅದಕ್ಕೆ ಚಿತ್ರ ಬರೆದುಕೊಟ್ಟ ಬಂಗಾಳಿ ಹುಡುಗನ ಹೆಸರು ಹಾಲುದಾರ. ಇನ್ನೂರು ವರ್ಷದ ನಂತರ ಶ್ರೀಲಂಕಾದ ವಿಜ್ಞಾನಿ ರೋಹನ್ ಪೆತಿಯಗೋಡ ಆ ಹುಡುಗನ ನೆನಪನ್ನು ಈ ಮೀನಿಗೆ ಕಟ್ಟಿದರು. ಬೆನ್ನಿನ ರೆಕ್ಕೆಯಿಂದ ದಾರದಂಥ ಎಳೆಗಳನ್ನು ಬಿಡುವ ಇನ್ನೊಂದು ಗೆಂಡೆ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್‌ನ ಹೆಸರಿನಿಂದಾಗಿ 'ಡಾಕಿನ್ಸಿಯ'. ತೋಟದಾಳುಗಳಿಗೆ ಇವೆಲ್ಲ ಒಟ್ಟಾಗಿ ಸೋಸಲು. ಸಾರಿಗೆ ಬರುವ ಮೀನಿಗೆ ಮಾತ್ರ ನಮ್ಮಲ್ಲಿ ಬೇರೆ ಬೇರೆ ಹೆಸರು: ಕೊರವ, ಹಾವುಮೀನು, ಬಿಳಿಮೀನು. ಸಣ್ಣದಕ್ಕೆ ಹೆಸರು ಬೇಕೆಂದು ಅನ್ನಿಸುವುದು ಅದನ್ನು ಗಾಜಿನಲ್ಲಿ ನೋಡಿದ ಮೇಲೆ.

ಹಿಡಿಯುವ ಮುಂಚಿನ ವರ್ಷ

ಸ್ನೇಹಿತರು ಮೊದಲ ಮೀನು ಹಿಡಿಯುವ ಮುನ್ನ ಒಂದು ವರ್ಷ ಹಳ್ಳದ ದಡದಲ್ಲಿ ಬರಿಗೈಯಲ್ಲಿ ಕೂತಿದ್ದರು. ವಾರಕ್ಕೊಮ್ಮೆ, ಒಂದೇ ಬಂಡೆಯ ಮೇಲೆ, ಅರ್ಧ ಗಂಟೆ. ನೋಡಿದ್ದನ್ನು ಬರೆದುಕೊಳ್ಳುವುದು. ನೀರು ಕಲ್ಲಿಗೆ ಬಡಿದು ನೊರೆಯೇಳುವ ಜಾಗದಲ್ಲಿ ಯಾರಿದ್ದಾರೆ, ಬೇರಿನ ಸಂದಿಯ ನಿಂತ ನೀರಿನಲ್ಲಿ ಯಾರು, ಎಲೆ ಕೊಳೆಯುವ ಮಡುವಿನಲ್ಲಿ ಯಾರು. ಯಾವ ಮೀನು ಒಂಟಿ, ಯಾವುದು ಗುಂಪು. ಗುಂಪಾದರೆ ಎಷ್ಟರ ಗುಂಪು.

ಹೀಗೆ ನೋಡಿದವನಿಗೆ ಮಲೆನಾಡಿನ ಹಳ್ಳದ ಪಂಚಾಂಗ ತಿಳಿಯುತ್ತದೆ. ಮುಂಗಾರು ಹಿಡಿದು ಗದ್ದೆಯ ನೀರು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ ಕೂಡಿಕೊಂಡ ರಾತ್ರಿ ಮೀನು ಹರಿವಿಗೆದುರಾಗಿ ಹತ್ತುತ್ತದೆ. ಅದೇ ಹತ್ತುಮೀನು. ಊರಿಗೆ ಊರೇ ಟಾರ್ಚು, ಕತ್ತಿ, ಕೂಳಿ ಹಿಡಿದು ಹೊರಡುವ ರಾತ್ರಿ ಅದು. ಹತ್ತುವ ಮೀನು ಮೊಟ್ಟೆ ತುಂಬಿದ ಮೀನು. ಮೊಟ್ಟೆಯಿಡಲು ಹೊರಟದ್ದನ್ನು ತೊಟ್ಟಿಗೆ ತರುವುದು ಬಿತ್ತನೆ ಭತ್ತವನ್ನು ಕುಟ್ಟಿ ಉಂಡ ಹಾಗೆ. ಆದ್ದರಿಂದ ಮಳೆಗಾಲ ಬೇಡ.

ಬೇಸಗೆಯೂ ಬೇಡ. ಏಪ್ರಿಲ್ ಕೊನೆಗೆ ಹಳ್ಳ ಹರಿವು ನಿಲ್ಲಿಸಿ ಅಲ್ಲಲ್ಲಿ ಮಡುವಾಗಿ ಉಳಿಯುತ್ತದೆ. ಮೀನೆಲ್ಲ ಅಲ್ಲೇ ಕಿಕ್ಕಿರಿದಿರುತ್ತದೆ, ಬಕೀಟು ಮುಳುಗಿಸಿದರೆ ಬರುತ್ತದೆ. ಸುಲಭವಾಗಿ ಸಿಗುವುದೇ ಬೇಡವೆನ್ನಲು ಕಾರಣ. ಆ ಮಡು ಬರುವ ವರ್ಷದ ಬೀಜದ ಕಣಜ. ಅದೊಂದು ಖಾಲಿಯಾದರೆ ಅರ್ಧ ಮೈಲಿ ಹಳ್ಳ ಮೀನಿಲ್ಲದೆ ಮಳೆಗಾಲವನ್ನು ಎದುರುಗೊಳ್ಳುತ್ತದೆ.

ಉಳಿಯುವುದು ದೀಪಾವಳಿ ಕಳೆದ ಮೇಲಿನ ಎರಡು ಮೂರು ತಿಂಗಳು. ಕೆಂಪು ನೀರು ತಿಳಿಯಾಗಿರುತ್ತದೆ. ಆ ವರ್ಷ ಹುಟ್ಟಿದ ಮರಿಗಳು ಬೆರಳುದ್ದವಾಗಿ ಹಳ್ಳದ ತುಂಬ ಓಡಾಡುತ್ತಿರುತ್ತವೆ. ಅವುಗಳಲ್ಲಿ ಬಹುಪಾಲು ಹೇಗೂ ಮಿಂಚುಳ್ಳಿಗೋ ನೀರುಹಾವಿಗೋ ಹೋಗುವಂಥವು. ಅಂಥ ಮರಿಗಳಲ್ಲಿ ಕೆಲವನ್ನು ತೆಗೆದರೆ ಹಳ್ಳ ತಡೆದುಕೊಳ್ಳುತ್ತದೆ. ಮರಿಯಾದ್ದರಿಂದ ಹೊಸ ನೀರು, ಹೊಸ ತಿಂಡಿ ಬೇಗ ಒಗ್ಗುತ್ತವೆ. ದೊಡ್ಡದನ್ನು, ಅಂದವಾದದ್ದನ್ನು, ರೆಕ್ಕೆಯ ದಾರ ಉದ್ದಕ್ಕೆ ಬಿಟ್ಟ ಗಂಡನ್ನು ಹಳ್ಳದಲ್ಲೇ ಬಿಡಬೇಕು. ಕಡಲಿನ ಹವಳದ ದಿಬ್ಬಗಳಲ್ಲಿ ಅಕ್ವೇರಿಯಂ ಮೀನು ಹಿಡಿಯುವ ಒಳ್ಳೆಯ ಮುಳುಗುಗಾರರೂ ಹೀಗೆಯೇ ದೊಡ್ಡ ಜೋಡಿಗಳನ್ನು ಮುಟ್ಟುವುದಿಲ್ಲ.

ನೋಡುವ ವರ್ಷದಲ್ಲಿ ಇನ್ನೊಂದು ಪಟ್ಟಿಯೂ ತಯಾರಾಗುತ್ತದೆ, ತರಬಾರದ ಮೀನಿನದು. ಭೋರ್ಗರೆಯುವ ನೀರಿನಲ್ಲಿ ಬಂಡೆಗೆ ಹೊಟ್ಟೆ ಒತ್ತಿ, ರೆಕ್ಕೆಗಳನ್ನೇ ಅಂಟುಬಟ್ಟಲಿನಂತೆ ಹರಡಿ ಕೂರುವ ಚಪ್ಪಟೆ ಕಲ್ಲುಮೀನುಗಳಿವೆ. ಭವಾನಿಯ ಎಂಬುದು ಅವುಗಳಲ್ಲೊಂದು. ಅದನ್ನು ಕಂಡರೆ ಯಾರಿಗೂ ಆಸೆಯಾಗುತ್ತದೆ. ಆದರೆ ಅದಕ್ಕೆ ಬೇಕಾದ ತಂಪು, ಹರಿವು, ಕಲ್ಲಿನ ಪಾಚಿ ಮೂರನ್ನೂ ಗಾಜಿನೊಳಗೆ ಕೊಡುವುದು ಬಲುಕಷ್ಟ. ತಣ್ಣೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ನೊರೆನೀರಿನಲ್ಲಿ ಹುಟ್ಟಿದ ಮೀನಿಗೆ ಆ ಒಂದೂವರೆ ಮಿಲಿಗ್ರಾಮೇ ಉಸಿರು. ಬಿಳಿಮೀನಿನ ಮರಿಯೂ ಬೇಡ. ಆಳುದ್ದ ಬೆಳೆಯಬಲ್ಲ ಜೀವಕ್ಕೆ ನಾಲ್ಕಡಿ ತೊಟ್ಟಿ ಸೆರೆಮನೆ. ಹಳ್ಳದಲ್ಲಿ ಒಂದೋ ಎರಡೋ ಮಾತ್ರ ಕಂಡ ಯಾವ ಜಾತಿಯೂ ಬೇಡ.

ಎರಡು ಬಲೆ, ಒಂದು ಲೋಟ

ಜಾಗ ಯಾರದು ಎಂಬುದು ಮೊದಲು ಇತ್ಯರ್ಥವಾಗಬೇಕು. ಕೆಂಪುಹೊಳೆ, ಬಿಸಿಲೆಯ ಕಾಡುಗಳು ಮೀಸಲು ಅರಣ್ಯ. ಅಲ್ಲಿನ ಮೀನೂ ಅಲ್ಲಿನ ಮರದಂತೆಯೇ ಅರಣ್ಯದ್ದು, ಅಪ್ಪಣೆಯಿಲ್ಲದೆ ಮುಟ್ಟುವಂತಿಲ್ಲ. ದೇವಸ್ಥಾನದ ಮಡುಗಳು ಅದಕ್ಕಿಂತ ಹಳೆಯ ಕಾನೂನಿಗೆ ಒಳಪಟ್ಟಿವೆ. ನಮ್ಮ ಜಿಲ್ಲೆಯದೇ ಆದ ರಾಮನಾಥಪುರದಲ್ಲಿ ಕಾವೇರಿಯ ಮೀನು ದೇವರ ಮೀನು. ಘಟ್ಟದ ಕೆಳಗಿನ ಶಿಶಿಲದಲ್ಲಿ ಕಪಿಲೆಯ ಮೀನು ಶಿಶಿಲೇಶ್ವರನದು. 1996ರಲ್ಲಿ ಯಾರೋ ವಿಷ ಹಾಕಿ ಶಿಶಿಲದ ಮೀನುಗಳನ್ನು ಕೊಂದಾಗ ಊರು ಮನುಷ್ಯರಿಗೆ ಮಿಡಿದಂತೆ ಮಿಡಿಯಿತು. ಸತ್ತ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ. ಸ್ನೇಹಿತರು ಈ ಕಡೆಗಳಿಗೆ ಹೋಗುತ್ತಾರೆ, ನೋಡಿ ಬರುತ್ತಾರೆ. ಹಿಡಿಯುವುದು ತಮ್ಮ ತೋಟದೊಳಗೆ ಹಾಯುವ ಹಳ್ಳದಲ್ಲಿ ಮಾತ್ರ.

ಹಿಡಿಯುವ ಸಾಮಾನು ಎರಡು ಕೈಬಲೆ, ಒಂದು ಬಕೀಟು, ಒಂದು ಪಾರದರ್ಶಕ ಲೋಟ. ಬಲೆ ಗಂಟಿಲ್ಲದ ನೇಯ್ಗೆಯದು, ಮೆತ್ತನೆಯದು, ಬಣ್ಣ ಕಪ್ಪು. ಎಡಗೈಯ ಬಲೆ ಅಲುಗುವುದಿಲ್ಲ. ಅದನ್ನು ಮೀನು ಓಡಿಹೋಗುವ ದಾರಿಯಲ್ಲಿ ಮೊದಲೇ ಮುಳುಗಿಸಿ ನಿಲ್ಲಿಸಬೇಕು. ಬಲಗೈಯ ಬಲೆ ದನ ಹೊಡೆದುಕೊಂಡು ಬರುವವನ ಕೋಲಿನ ಹಾಗೆ, ನಿಧಾನವಾಗಿ ಹಿಂದಿನಿಂದ ಬರಬೇಕು. ಅಟ್ಟಿಸಿಕೊಂಡು ಹೋದವನಿಗೆ ಮೀನು ಸಿಗುವುದಿಲ್ಲ. ಸಿಕ್ಕರೂ ದಣಿದ ಮೀನು, ಎರಡು ದಿನದಲ್ಲಿ ಸಾಯುವಂಥದು. ದನ ಹೊಡೆಯುವವನ ಕೋಲಿನಂತೆ ನಿಧಾನವಾಗಿ ಆಡಿಸಿದರೆ ಮೀನು ತಾನೇ ನಿಂತ ಬಲೆಯೊಳಕ್ಕೆ ಹೋಗಿ ಕೂರುತ್ತದೆ. ಕಪ್ಪು ಬಲೆ ಅದರ ಕಣ್ಣಿಗೆ ಬೇರಿನ ಸಂದಿ.

ಆಮೇಲೆ ಬಲೆ ಎತ್ತುವುದಿಲ್ಲ. ಬಲೆಯ ಬಾಯನ್ನು ನೀರಿನ ಮಟ್ಟಕ್ಕೆ ತಂದು, ಲೋಟವನ್ನು ಮುಳುಗಿಸಿ ನೀರಿನ ಸಮೇತ ಮೊಗೆಯುತ್ತಾರೆ. ಮೀನಿನ ಮೈಯ ಲೋಳೆ ನಮಗೆ ಅಸಹ್ಯ, ಅದಕ್ಕೆ ಕವಚ. ಒಣಗೈ, ಒರಟು ಬಲೆ, ಗಾಳಿಯಲ್ಲಿ ಎರಡು ಕ್ಷಣದ ಹೊರಳಾಟ, ಇಷ್ಟಕ್ಕೇ ಲೋಳೆ ಹೋಗಿ ಬೂಷ್ಟು ಹಿಡಿಯುತ್ತದೆ. ಲೋಟದಲ್ಲಿ ಬಂದ ಮೀನನ್ನು ಬೆಳಕಿಗೆ ಹಿಡಿದು ನೋಡುವುದು: ಗಾಯ, ಚುಕ್ಕೆ, ಅಂಟಿದ ಹುಳು ಇದ್ದರೆ ಅಲ್ಲೇ ವಾಪಸು. ಗುಂಪಿನ ಮೀನಾದರೆ ಆರರಿಂದ ಎಂಟು, ಅದೂ ಮೂರು ನಾಲ್ಕು ಜಾಗದಿಂದ ಎರಡೆರಡು. ಕಲ್ಲು ಎತ್ತಿದರೆ ಅದೇ ಗುಳಿಗೆ, ಪಾಚಿಯ ಮುಖ ಮೇಲಾಗಿ ವಾಪಸು ಇಡಬೇಕು. ಅಡಿಯಲ್ಲಿ ಯಾರ ಮೊಟ್ಟೆಯಿದೆಯೋ, ಯಾವ ಹುಳು ಮರಳು ಜೋಡಿಸಿ ಮನೆ ಕಟ್ಟಿದೆಯೋ.

ಇಷ್ಟೆಲ್ಲ ತಾಳ್ಮೆ ಯಾಕೆ ಎನ್ನುವವರಿಗೆ ಅಡ್ಡದಾರಿಗಳು ಗೊತ್ತಿವೆ. ಹಿಂದೆ ಕಾರೆಕಾಯಿ ಜಜ್ಜಿ ಮಡುವಿಗೆ ಹಾಕುತ್ತಿದ್ದರು, ಮೀನು ಅಮಲೇರಿ ತೇಲುತ್ತಿತ್ತು. ಆಮೇಲೆ ತೋಟೆ ಬಂತು, ಬ್ಲೀಚಿಂಗ್ ಪುಡಿ ಬಂತು. ಸಿಡಿಮದ್ದು, ವಿಷ ಎರಡನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆ ಮತ್ತು ಮೀನಿನ ರಕ್ಷಣೆಗೆ ತನ್ನದೇ ನಿಬಂಧನೆ ತಂದಿತ್ತು. ಕಡಲಿನಲ್ಲಿ ಈ ವಿಷಕ್ಕೊಬ್ಬ ಅಣ್ಣನಿದ್ದಾನೆ. 1960ರ ದಶಕದಿಂದ ಫಿಲಿಪ್ಪೀನ್ಸಿನ ಹವಳದ ಸಂದಿಗಳಿಗೆ ಸಯನೈಡ್ ನೀರು ಚಿಮ್ಮಿಸಿ ಬಣ್ಣದ ಮೀನುಗಳನ್ನು ಮಂಪರಿಗೆ ಬೀಳಿಸಿ ಆರಿಸುವ ಕ್ರಮ ಹಬ್ಬಿತು. ಮೀನು ಚೇತರಿಸಿಕೊಂಡ ಹಾಗೆ ಕಂಡು, ಎಷ್ಟೋ ಬಾರಿ ಕೊಂಡವನ ಮನೆಯಲ್ಲಿ ಸಾಯುತ್ತದೆ. ಹಿಡಿದ ಜಾಗದ ಹವಳವೂ ಸಾಯುತ್ತದೆ. ಕಾರೆಕಾಯಿಯಿಂದ ಸಯನೈಡಿನವರೆಗೆ ತರ್ಕ ಒಂದೇ: ಎಲ್ಲರನ್ನೂ ಕೆಡವು, ಬೇಕಾದ್ದನ್ನು ಆರಿಸಿಕೋ.

ಕಾಫಿ ಸೀಮೆಯಲ್ಲಿ ಬೇಕೆಂದು ಹಾಕದ ವಿಷವೂ ಇದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿರುತ್ತದೆ. ತಾಮ್ರವೆಂದರೆ ಮೀನಿಗೆ, ಅದರಲ್ಲೂ ನಮ್ಮ ಘಟ್ಟದ ಮೆದುನೀರಿನ ಮೀನಿಗೆ, ಆಗದು. ಸ್ಪ್ರೇ ಡ್ರಮ್ಮನ್ನು ಹಳ್ಳದಲ್ಲಿ ತೊಳೆದರೆ ಸಾಕು. ಕೊಯ್ಲಿನ ಕಾಲದಲ್ಲಿ ಪಲ್ಪರಿನ ಸಿಪ್ಪೆನೀರು ಹರಿದರೆ ನೀರಿನ ಪ್ರಾಣವಾಯುವನ್ನೆಲ್ಲ ಆ ಕೊಳೆಯೇ ಉಣ್ಣುತ್ತದೆ. ಸ್ನೇಹಿತರು ಮೀನು ಸಾಕಲು ತೊಡಗಿದ ಮೇಲೆ ತಮ್ಮ ಡ್ರಮ್ಮು ತೊಳೆಯುವ ಜಾಗವನ್ನು ಗುಡ್ಡದ ಮೇಲಿನ ಇಂಗುಗುಂಡಿಗೆ ಬದಲಾಯಿಸಿದರು. ಮೀನಿನಿಂದ ಹಳ್ಳಕ್ಕೆ ಆದ ಮೊದಲ ಉಪಕಾರ ಅದು.

ದಾರಿಯ ರಸಾಯನ

ನನ್ನ ಕತೆ ಹೇಳಿಬಿಡುತ್ತೇನೆ. ಕಾಲೇಜಿನ ದಿನಗಳಲ್ಲಿ ಊರ ಹಳ್ಳದಿಂದ ಹದಿನೈದು ಮೀನು ಹಿಡಿದು ಎಣ್ಣೆ ಡಬ್ಬದಲ್ಲಿ ತುಂಬಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ. ಹಸಿದಿರಬಾರದೆಂದು ಹೊರಡುವ ಮುಂಚೆ ಅನ್ನದ ಅಗುಳು ಹಾಕಿದೆ. ಚನ್ನರಾಯಪಟ್ಟಣದಲ್ಲಿ ಮುಚ್ಚಳ ತೆಗೆದು ನೋಡಿದೆ. ಕುಣಿಗಲ್ಲಿನಲ್ಲಿ ಮತ್ತೆ ತೆಗೆದೆ. ರೂಮಿಗೆ ಬಂದು ಬೋರ್‌ವೆಲ್ ನೀರು ತುಂಬಿದ ಹೊಸ ತೊಟ್ಟಿಗೆ ಸುರಿದೆ. ಬೆಳಿಗ್ಗೆ ಎದ್ದಾಗ ಹದಿನೈದೂ ತೇಲುತ್ತಿದ್ದವು. ಆ ಒಂದು ರಾತ್ರಿಯಲ್ಲಿ ನಾನು ಎಷ್ಟು ತಪ್ಪು ಮಾಡಿದ್ದೆನೆಂದು ಸ್ನೇಹಿತರು ಬೆರಳು ಮಡಿಚಿ ಎಣಿಸಿದ್ದು ಬಹಳ ವರ್ಷದ ಮೇಲೆ.

ಮೊದಲನೆಯದು ಅಗುಳು. ಪ್ರಯಾಣದ ಮೀನಿಗೆ ಹಿಂದಿನ ದಿನದಿಂದಲೇ ಉಪವಾಸ. ತಿಂದರೆ ಮಲ, ಮಲದಿಂದ ಅಮೋನಿಯ. ಎರಡನೆಯದು ಇಕ್ಕಟ್ಟು. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಗಾಳಿ ಇರಬೇಕು. ಚೀಲದೊಳಗೊಂದು ಚೀಲ, ಮೂಲೆಗಳಲ್ಲಿ ಮರಿ ಸಿಕ್ಕಿಕೊಳ್ಳದಂತೆ ಮಡಿಚಿ ಟೇಪು. ಒಂದು ಚೀಲಕ್ಕೆ ಎರಡು ಮೂರು ಮರಿ, ಚೀಲಗಳು ಥರ್ಮಕೋಲ್ ಪೆಟ್ಟಿಗೆಯೊಳಗೆ, ಕತ್ತಲಲ್ಲಿ.

ಮೂರನೆಯ ತಪ್ಪು ನನ್ನನ್ನು ಬೆರಗಾಗಿಸಿತು. ಅದು ಕಾಳಜಿಯಿಂದ ಮಾಡಿದ್ದು: ಮುಚ್ಚಳ ತೆಗೆದದ್ದು. ಮುಚ್ಚಿದ ನೀರಿನಲ್ಲಿ ಮೀನು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಕರಗಿ ನೀರು ಕೊಂಚ ಹುಳಿಯಾಗುತ್ತದೆ. ಹುಳಿನೀರಿನಲ್ಲಿ ಅಮೋನಿಯದ ಹೆಚ್ಚು ಭಾಗ ಅಮೋನಿಯಂ ರೂಪಕ್ಕೆ ತಿರುಗಿ ವಿಷ ಕಡಿಮೆಯಾಗುತ್ತದೆ. ಮೀನು ತನ್ನ ಉಸಿರಿನಿಂದಲೇ ತನ್ನ ವಿಷವನ್ನು ಕಟ್ಟಿಹಾಕಿಕೊಂಡಿರುತ್ತದೆ. ಮುಚ್ಚಳ ತೆಗೆದ ಕೂಡಲೇ ಅನಿಲ ಹಾರಿಹೋಗಿ ಹುಳಿ ಇಳಿಯುತ್ತದೆ, ಕಟ್ಟಿದ ಅಮೋನಿಯ ಬಿಚ್ಚಿಕೊಳ್ಳುತ್ತದೆ. ದೂರ ಬಂದ ಚೀಲವನ್ನು ಒಮ್ಮೆ ಬಿಚ್ಚಿದರೆ ಬೇಗ ಮೀನನ್ನು ಆ ನೀರಿನಿಂದ ಬಿಡಿಸಬೇಕು.

ನಾಲ್ಕನೆಯದು ಬೋರ್‌ವೆಲ್ ನೀರು. ಘಟ್ಟದ ಹಳ್ಳದ ನೀರಿನಲ್ಲಿ ಸುಣ್ಣದಂಶ ತೀರ ಕಡಿಮೆ. ಬೆಂಗಳೂರಿನ ಕೊಳವೆಬಾವಿಯದು ಗಡುಸು. ನಲ್ಲಿಯ ನೀರು ವಾಸಿ, ಕ್ಲೋರಿನ್ ಹೋಗಲು ಒಂದು ದಿನ ಗಾಳಿಯಾಡಿಸಿಟ್ಟರೆ. ನಲ್ಲಿಯದು ಕಾವೇರಿ, ಅಂದರೆ ಕನ್ನಂಬಾಡಿಯಿಂದ ಕೆಳಗಿನ ನೀರು. ಅದರಲ್ಲಿ ಹೇಮಾವತಿಯ ಪಾಲಿದೆ. ಆಲೂರಿನ ಹಳ್ಳದ ಮೀನಿಗೆ ಬೆಂಗಳೂರಿನ ಮೂರನೇ ಮಹಡಿಯಲ್ಲಿ ತವರಿನ ನೀರೇ ನಲ್ಲಿಯಲ್ಲಿ ಬರುತ್ತದೆ, ತುಸು ಔಷಧಿ ವಾಸನೆಯೊಂದಿಗೆ.

ಐದನೆಯದು ಹೊಸ ತೊಟ್ಟಿ. ಹೆಪ್ಪು ಹಾಕದೆ ಹಾಲು ಮೊಸರಾಗುವುದಿಲ್ಲ. ತೊಟ್ಟಿಗೂ ಹೆಪ್ಪು ಬೇಕು. ಅಮೋನಿಯವನ್ನು ನೈಟ್ರೈಟಿಗೂ ಅದನ್ನು ಅಷ್ಟೇನೂ ಕೆಡುಕಲ್ಲದ ನೈಟ್ರೇಟಿಗೂ ಬದಲಾಯಿಸುವ ಬ್ಯಾಕ್ಟೀರಿಯ ಕಲ್ಲು, ಮರಳು, ಸ್ಪಂಜಿನ ಮೇಲೆ ಕೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನು ಹಿಡಿಯುವ ದಿನಕ್ಕಿಂತ ಒಂದೂವರೆ ತಿಂಗಳು ಮೊದಲೇ ತೊಟ್ಟಿ ಸಿದ್ಧವಾಗಿ ಕಾದಿರಬೇಕು.

ಗಾಜಿನೊಳಗೊಂದು ಹಳ್ಳ

ತಂದ ಮೀನು ಮೊದಲು ಬೇರೆ ತೊಟ್ಟಿಯಲ್ಲಿ ಒಂದು ತಿಂಗಳು ಇರುತ್ತದೆ. ಕಾಡಿನ ಮೀನಿನ ಮೈಯಲ್ಲಿ ಕಾಡಿನ ಹುಳುಗಳಿರುತ್ತವೆ. ಈ ತಿಂಗಳಲ್ಲೇ ಅದಕ್ಕೆ ಹೊಸ ಊಟದ ಪಾಠ. ಹಳ್ಳದಲ್ಲಿ ಅದು ತಿನ್ನುತ್ತಿದ್ದದ್ದು ನೀರಿಗೆ ಬಿದ್ದ ಇರುವೆ, ಹುಳುವಿನ ಮರಿ, ಕಲ್ಲಿನ ಪಾಚಿ. ಡಬ್ಬದ ಕಾಳು ಅದಕ್ಕೆ ಆಹಾರವೆಂದೇ ಗೊತ್ತಿಲ್ಲ. ಮೊದಲ ವಾರ ಸೊಳ್ಳೆಮರಿ, ಆಮೇಲೆ ಅದರೊಂದಿಗೆ ಬೆರೆಸಿದ ಒಣತಿಂಡಿ, ಕ್ರಮೇಣ ಬರೀ ಒಣತಿಂಡಿ. ಸಂಜೆ ಹಂಡೆಯಿಂದ ಸೊಳ್ಳೆಮರಿ ಸೋಸುವ ಕೆಲಸ ಮನೆಯ ಮಕ್ಕಳದು.

ತೊಟ್ಟಿಯ ಆಳ ಮುಖ್ಯವಲ್ಲ, ಉದ್ದ ಮುಖ್ಯ. ಓಡುವ ಮೀನಿಗೆ ಓಡಲು ಜಾಗ ಬೇಕು. ಸ್ನೇಹಿತರು ಒಂದು ತುದಿಯಲ್ಲಿ ಪಂಪು ಇಟ್ಟು ಇನ್ನೊಂದು ತುದಿಯಿಂದ ನೀರು ಸ್ಪಂಜಿನ ಮೂಲಕ ಕೊಳವೆಯಲ್ಲಿ ಹಿಂದಿರುಗುವಂತೆ ಮಾಡಿದ್ದಾರೆ. ಮೇಲಿನ ಪದರ ಒಂದೇ ದಿಕ್ಕಿಗೆ ಹರಿಯುತ್ತದೆ. ದೊಡ್ಡ ಗುಂಡುಗಳನ್ನು ಪಂಪಿನ ಕಡೆ, ಬೇರು-ಎಲೆಗಳನ್ನು ಆಚೆ ಕಡೆ ಜೋಡಿಸಿದ್ದಾರೆ. ಒಂದು ವರ್ಷ ಬಂಡೆಯ ಮೇಲೆ ಕೂತು ಬರೆದುಕೊಂಡ ನಕ್ಷೆಯೇ ಅದು. ನೀಲಿ ಗೆರೆಯವು ಹರಿವಿನಲ್ಲಿ, ಪಟ್ಟೆಯವು ಕಲ್ಲಿನ ಮರೆಯಲ್ಲಿ, ಹಳ್ಳದಲ್ಲಿದ್ದ ಹಾಗೆಯೇ ತಮ್ಮ ತಮ್ಮ ಹೋಬಳಿ ಹಿಡಿದಿವೆ. ಮೇಲೆ ಗಾಜಿನ ಮುಚ್ಚಳ ಇದೆ. ಮೊದಲ ಗುಡುಗಿನ ರಾತ್ರಿ ಈ ಮೀನುಗಳು ನೆಗೆಯುತ್ತವೆ. ಗಾಜಿನೊಳಗಿದ್ದರೂ ಅವಕ್ಕೆ ಹತ್ತುಮೀನಿನ ಕಾಲ ಮರೆತಿಲ್ಲ.

ನಾಲ್ಕು ವರ್ಷದ ಹಿಂದೆ ಪಟ್ಟೆಯ ಮೀನು ಜಾವಾ ಪಾಚಿಯಲ್ಲಿ ಮೊಟ್ಟೆಯಿಟ್ಟಿತು. ಇಟ್ಟವೇ ಮೊಟ್ಟೆ ತಿನ್ನಲೂ ಹೊರಡುವುದರಿಂದ ಪಾಚಿಯನ್ನೇ ಎತ್ತಿ ಬೇರೆ ಬೋಗುಣಿಗೆ ಹಾಕಿದರು. ಒಂದೆರಡು ದಿನಕ್ಕೆ ಗಾಜಿಗೆ ಅಂಟಿದ ಕೂದಲಿನ ಚೂರಿನಂಥ ಮರಿಗಳು ಕಂಡವು. ಅಂದಿನಿಂದ ಬಲೆ ಅಟ್ಟದಲ್ಲಿದೆ.

ಮಿಸ್ ಕೇರಳ ಹೇಳುವ ಮಾತು

ಒಬ್ಬ ಮನುಷ್ಯನ ಮೂವತ್ತೊಂದು ಮೀನು ಹಳ್ಳಕ್ಕೆ ಏನೂ ಅಲ್ಲ. ಮಾರುಕಟ್ಟೆಗೆ ಬೇಕಾದರೆ ಕತೆ ಬೇರೆ. 1865ರಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯ ಕೇರಳದ ಮುಂಡಕ್ಕಯಂನಿಂದ ಕೆಂಪು-ಕಪ್ಪು ಗೆರೆಯ ಮೀನೊಂದನ್ನು ವರ್ಣಿಸಿ ಮದ್ರಾಸಿನ ಗವರ್ನರ್ ಡೆನಿಸನ್ನನ ಹೆಸರಿಟ್ಟ. ನೂರಮೂವತ್ತು ವರ್ಷ ಅದನ್ನು ಯಾರೂ ಕೇಳಲಿಲ್ಲ. 1997ರಲ್ಲಿ ಸಿಂಗಪುರದ ಅಕ್ವರಾಮ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂತು. 'ಮಿಸ್ ಕೇರಳ' ಎಂಬ ಹೆಸರೂ ಬಂತು. ಅಲ್ಲಿಂದ ಹೊಳೆಗಳು ಬರಿದಾಗತೊಡಗಿ, 2008ರಲ್ಲಿ ಕೇರಳ ಸರ್ಕಾರ ಹಿಡಿಯುವುದಕ್ಕೆ ಮಿತಿ ಹಾಕಿತು. ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ.

ನಮ್ಮ ಕಡೆಯದೂ ಅಂಥದೊಂದು ಮೀನಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾಯರು 1920ರಲ್ಲಿ ಮೈಸೂರು ಸೀಮೆಯ ಹೊಸ ಮೀನುಗಳ ಬಗ್ಗೆ ಬರೆದಾಗ ತುಂಗೆಯ ಪಟ್ಟೆಪಟ್ಟೆ ಮೀನೊಂದಕ್ಕೆ 'ಬೋಟಿಯ ಸ್ಟ್ರಿಯಾಟ' ಎಂದು ಹೆಸರಿಟ್ಟರು. ಪ್ರಪಂಚದ ಅಕ್ವೇರಿಯಂ ಅಂಗಡಿಗಳಲ್ಲಿ ಅದು ಜೀಬ್ರಾ ಲೋಚ್. 2005ರಿಂದ 2012ರವರೆಗೆ ಭಾರತದಿಂದ ಅಪಾಯದಲ್ಲಿರುವ 30 ಜಾತಿಗಳ ಕನಿಷ್ಠ 15 ಲಕ್ಷ ಮೀನುಗಳು ಹೊರಗೆ ಹೋದವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅದರಲ್ಲಿ ದೊಡ್ಡ ಪಾಲು ಜೀಬ್ರಾ ಲೋಚ್, ಮಿಸ್ ಕೇರಳ ಮತ್ತು ಬಟಾಣಿಯಷ್ಟಿರುವ ಮಲಬಾರಿನ ಬುರುಡೆಮೀನಿನದು.

ಹಾಗೆಂದು ಮಾರಾಟವೇ ಪಾಪವಲ್ಲ. ಬ್ರೆಜಿಲಿನ ರಿಯೊ ನೆಗ್ರೊ ನದಿಯ ಬಾರ್ಸೆಲೋಸ್ ಊರಿನವರು ಕಾರ್ಡಿನಲ್ ಟೆಟ್ರ ಎಂಬ ಪುಟ್ಟ ಮೀನನ್ನು ಕೈಬಲೆಯಲ್ಲಿ ಹಿಡಿದು ಮಾರಿ ಬದುಕುತ್ತಾರೆ. ಮೀನು ಬೇಕಾದ್ದರಿಂದ ಹೊಳೆ ಬೇಕು, ಹೊಳೆಗಾಗಿ ಕಾಡು ಬೇಕು ಎಂದು ಕಾಡು ಉಳಿಸಿಕೊಂಡಿದ್ದಾರೆ. ಕಡಲ ಕಡೆಯೂ ದಾರಿ ತೆರೆಯುತ್ತಿದೆ. ಅಕ್ವೇರಿಯಂನ ಸಿಹಿನೀರಿನ ಮೀನುಗಳಲ್ಲಿ ಬಹುಪಾಲು ಸಾಕಣೆಯವಾದರೆ, ಉಪ್ಪುನೀರಿನವು ಬಹುಪಾಲು ಇಂದಿಗೂ ಕಡಲಿನಿಂದ ಹಿಡಿದವು. ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಮುಳುಗಿ ಹವಳ, ಬಣ್ಣದ ಮೀನು ಕಂಡವರಿಗೆ ಮನೆಗೊಂದು ತರುವ ಆಸೆ ಹುಟ್ಟುತ್ತದೆ. ಆದರೆ ಹವಳವೂ ಕಡಲಕುದುರೆಯೂ 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು, ಹುಲಿಯ ಸಾಲಿಗೆ. ಕಡಲಿನ ತೊಟ್ಟಿ ಕಟ್ಟುವವರು ತೊಟ್ಟಿಯಲ್ಲೇ ಹುಟ್ಟಿದ ಮೀನನ್ನು ಕೇಳಿ ಕೊಳ್ಳಬೇಕು.

ಹಿಂದಕ್ಕೆ ದಾರಿಯಿಲ್ಲ

ಸ್ನೇಹಿತರ ತೊಟ್ಟಿಯಲ್ಲಿ ಮರಿಗಳು ಹೆಚ್ಚಾದಾಗ ನಾನು ಸಹಜವಾಗಿ ಕೇಳಿದೆ, "ಹಳ್ಳಕ್ಕೆ ಬಿಡಬಹುದಲ್ಲ?" ಅವರು ಬೇಡವೆಂದು ತಲೆಯಾಡಿಸಿದರು. ಗಾಜಿನೊಳಗೆ ಬೇರೆ ಊರಿನ ಗಿಡ, ಬೇರೆ ಊರಿನ ತಿಂಡಿ ಬಂದಿರುತ್ತದೆ, ಅವುಗಳೊಂದಿಗೆ ರೋಗವೂ ಬಂದಿರಬಹುದು. ಹೊಳೆಯಲ್ಲಿ ಒಮ್ಮೆ ಬಿಟ್ಟ ರೋಗವನ್ನು ಬಲೆ ಹಾಕಿ ಹಿಡಿಯಲಾಗದು. ಬಿಟ್ಟ ಮೀನಿನ ಕತೆಯೂ ಅಷ್ಟೆ. ತಿಲಾಪಿಯ ಭಾರತಕ್ಕೆ ಬಂದದ್ದು 1952ರಲ್ಲಿ. ಇಂದು ಅದಿಲ್ಲದ ಕೆರೆ ಹುಡುಕಬೇಕು. ಸಾಕಿ ಬೇಸರ ಬಂದವರು ಕೆರೆಗೆ ಬಿಟ್ಟ ಅಮೆಜಾನಿನ ಸಕ್ಕರ್ ಮೀನು ಮೀನುಗಾರರ ಬಲೆ ಹರಿಯುತ್ತಿದೆ. ದಿಬ್ಬದ ಈ ಮಗ್ಗುಲ ಮೀನನ್ನು ಆ ಮಗ್ಗುಲಿಗೆ ಬಿಡುವುದಂತೂ ಯಾವ ಕಾಲಕ್ಕೂ ಸಲ್ಲದು.

ಆ ದಿಬ್ಬವನ್ನು ಈಗ ನೀರೇ ದಾಟುತ್ತಿದೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದಲ್ಲಿ ಉದ್ಘಾಟನೆಯಾಯಿತು. ಪಡುವಲಿಗೆ ಹರಿಯುತ್ತಿದ್ದ ಮಳೆಗಾಲದ ನೀರನ್ನು ಪಂಪಿನಿಂದ ದಿಬ್ಬದ ಮೇಲೇರಿಸಿ ಮೂಡಲಿಗೆ, ಕೋಲಾರ-ಚಿಕ್ಕಬಳ್ಳಾಪುರದ ಬಾಯಾರಿಕೆಗೆ ಹರಿಸುವ ಕೆಲಸ ಅದು. ನೀರು ದಾಟಿದರೆ ನೀರೊಳಗಿನ ಮೊಟ್ಟೆ-ಮರಿ ದಾಟದಿರುತ್ತದೆಯೇ ಎಂದು ಸ್ನೇಹಿತರನ್ನು ಕೇಳಿದರೆ ಅವರು ಪುಸ್ತಕ ತೆಗೆದು ತೋರಿಸುತ್ತಾರೆ. ತಮ್ಮ ಹಳ್ಳದಲ್ಲಿ ಇಂದು ಯಾರ್ಯಾರು ಇದ್ದಾರೆಂಬುದು ತಾರೀಖಿನ ಸಮೇತ ಅದರಲ್ಲಿದೆ. ಹೊಸಬರು ಬಂದರೆ ಗೊತ್ತಾಗುತ್ತದೆ, ಹಳಬರು ಹೋದರೂ ಗೊತ್ತಾಗುತ್ತದೆ. ಮರಿಗಳನ್ನು ಅವರು ಸಾಕಲು ಬಲ್ಲ ಮೂರು ಮನೆಗೆ ಕೊಟ್ಟರು, ಕೊಡುವಾಗ ಒಂದೊಂದು ಖಾಲಿ ಪುಸ್ತಕವನ್ನೂ ಕೊಟ್ಟರು.

ಕಳೆದ ಜೂನಿನಲ್ಲಿ ಮೊದಲ ಜೋರು ಮಳೆಯ ರಾತ್ರಿ ನಾನು ಅಲ್ಲಿದ್ದೆ. ಗದ್ದೆಬಯಲಿನ ಆಚೆ ಟಾರ್ಚುಗಳು ಓಡಾಡುತ್ತಿದ್ದವು, ಯಾರೋ ಕೂಳಿ ಒಡ್ಡುತ್ತಿದ್ದರು. ಸ್ನೇಹಿತರು ಬರಿಗೈಯಲ್ಲಿ, ಗೊರಬು ಹೊದ್ದು ತಮ್ಮ ಹಳ್ಳದ ಕಡೆ ಹೋದವರು ಒಂದು ಗಂಟೆಯ ಮೇಲೆ ನೆನೆದು ಬಂದರು. ಪುಸ್ತಕದಲ್ಲಿ ತಾರೀಖು ಬರೆದು, ಅದರ ಮುಂದೆ 'ಹತ್ತಿವೆ' ಎಂದಷ್ಟೇ ಬರೆದರು. ಎಷ್ಟೆಂದು ಕೇಳಿದೆ.

"ನೂರರ ತನಕ ಎಣಿಸಿದೆ. ಬೆಳಕಿಗೆ ಬೆದರಿ ನಿಲ್ತಿದ್ವು. ಆಮೇಲೆ ಟಾರ್ಚು ಆರಿಸಿ ಕೂತೆ."